ಕಾಯಬಲ್ಲವುಗಳ ಪಟ್ಟಿ

ಮಾರ್ಚ್ 2, ಸೋಮವಾರ

ಮಣ್ಣಿನ ಸಾಮಾನಿಗೆ ಬಳಿಯುವ ಹೊಳಪು ಲೇಪದ, ಅಂದರೆ ಗ್ಲೇಜಿನ, ಹದಗಳನ್ನು ಬರೆದಿಡುವ ಪುಸ್ತಕದ ಹಿಂದಿನ ಹಾಳೆಗಳಿಂದ ಶುರು ಮಾಡುತ್ತಿದ್ದೇನೆ. ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಜಗಳ, ಹೇಳದಿದ್ದರೆ ನನಗೆ ಎದೆಯುರಿ. ಬರೆದಾದರೂ ಕಾರಿಕೊಳ್ಳೋಣ.

ಬೆಳಿಗ್ಗೆ ಆರೂವರೆಗೆ ಬಟ್ಟೆ ಒಗೆಯುವ ಮೆಷಿನ್ನಿನ ಗುಂಡಿ ಒತ್ತಿದೆ. ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಬೆನ್ನ ಹಿಂದಿನಿಂದ ಇವರ ದನಿ ಬಂತು.

"ಅದು ಈಗ ಹೋಗಲ್ಲ. ಹನ್ನೊಂದು ಹತ್ತಕ್ಕೆ ಹೊರಡುತ್ತೆ."

ಹೊರಡುತ್ತದಂತೆ! ಮೆಷಿನ್ನೇನು ಬಸ್ಸೇ?

ಇವರ ಪಾಲಿಗೆ ಬಸ್ಸೇ. ಸಾರಿಗೆ ಕಚೇರಿಯ ವೇಳಾಪಟ್ಟಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕೆಂದು ಗೆರೆ ಎಳೆದ ಮಹಾನುಭಾವರು. ಕಳೆದ ವರ್ಷದ ಕೊನೆಗೆ ಕಚೇರಿಯವರು ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ತರಿಸಿದರು. ಇವರ ವಿಭಾಗ ಒಂದು ತಿಂಗಳು ಮಾಡುತ್ತಿದ್ದ ಕೆಲಸವನ್ನು ಅದು ನಾಲ್ಕು ನಿಮಿಷಕ್ಕೆ ಮಾಡಿ ತೋರಿಸಿತಂತೆ. ಇವರ ಕೈಗೆ ಒಂದು ಹೂಗುಚ್ಛ ಕೊಟ್ಟು, ಗ್ರೂಪ್ ಫೋಟೋ ತೆಗೆದು, ಮನೆಗೆ ಕಳಿಸಿದರು.

ಒಂದು ತಿಂಗಳು ಸೋಫಾದ ಮೇಲೆ ಮಲಗಿ ಫ್ಯಾನ್ ನೋಡಿದರು. ಆಮೇಲೆ ಎದ್ದರು ನೋಡಿ! ಕಚೇರಿ ಕೊಟ್ಟ ಹಣದಲ್ಲಿ ತಾರಸಿಗೆ ಹತ್ತು ಸೋಲಾರ್ ಫಲಕ, ಮೆಟ್ಟಿಲ ಕೆಳಗೆ ಬೀರುವಿನಷ್ಟು ದೊಡ್ಡ ಬ್ಯಾಟರಿ, ಒಂದೊಂದು ಪ್ಲಗ್ಗಿಗೂ ಬೆಂಕಿಪೊಟ್ಟಣದಂಥ ಒಂದು ಡಬ್ಬಿ. ಈಗ ನಮ್ಮ ಮನೆಯಲ್ಲಿ ಯಾವುದು ಯಾವಾಗ ಓಡಬೇಕೆಂದು ಒಂದು ಪ್ರೋಗ್ರಾಂ ತೀರ್ಮಾನಿಸುತ್ತದೆ. ಯಾವುದು ಇವರ ಕುರ್ಚಿ ಕಿತ್ತುಕೊಂಡಿತೋ ಅದನ್ನೇ ಮನೆಗೆ ಕರೆತಂದು ಹಾಲೆರೆದು ಸಾಕುತ್ತಿದ್ದಾರೆ.

ಮಾರ್ಚ್ 5, ಗುರುವಾರ

ಈ ಹುಚ್ಚಿಗೆ ಒಂದು ಕಾರಣ ಬೇರೆ ಇದೆಯಂತೆ. ಕರೆಂಟಿನ ದರ ಈಗ ಗಂಟೆಗೊಂದು. ಬಿಸಿಲಿದ್ದಾಗ ಅಗ್ಗ, ಸಂಜೆಗೆ ದುಬಾರಿ, ಊರಿಗೆಲ್ಲ ಮೋಡ ಕವಿದರೆ ಹಗಲಲ್ಲೂ ದುಬಾರಿ. ನಾಳೆಯ ದರಗಳ ಪಟ್ಟಿ ಇವತ್ತು ಮಧ್ಯಾಹ್ನ ಎರಡಕ್ಕೆ ಬರುತ್ತದೆ. ಒಂದೂಮುಕ್ಕಾಲಿನಿಂದಲೇ ಇವರು ಕಂಪ್ಯೂಟರಿನ ಮುಂದೆ ಹಾಜರು. ನಾನು ಊಟಕ್ಕೆ ಕರೆದರೆ ಕಿವಿ ಕೇಳಿಸದು.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಸ್ಕೇಲಿಟ್ಟು ಎಳೆದ ಮೂರು ಕಾಲಂ. "ನಿಲ್ಲಬಾರದ್ದು", "ಕಾಯಬಲ್ಲದ್ದು", "ಬೇಡವಾದದ್ದು". ಮೊದಲನೆಯದರಲ್ಲಿ ಫ್ರಿಜ್ಜು ಮತ್ತು ಇವರ ಕಂಪ್ಯೂಟರು. ಮೂರನೆಯದರಲ್ಲಿ ನನ್ನ ರೇಡಿಯೋ.

ನಾನು ಒಂದೇ ಮಾತು ಹೇಳಿದೆ: "ರೀ, ಮನೇಲಿ ಏನಾದ್ರೂ ಮಾಡ್ಕೊಳ್ಳಿ. ನನ್ನ ಆವಿಗೆ ತಂಟೆಗೆ ಮಾತ್ರ ಬರಬೇಡಿ."

"ಆಯ್ತು ಆಯ್ತು," ಅಂದರು. ತರಕಾರಿ ತರುತ್ತೀರಾ ಎಂದು ಕೇಳಿದರೂ ಇದೇ ಆಯ್ತು, ಇದೇ ದನಿ.

ಆವಿಗೆ ಇರುವುದು ಹಿತ್ತಲ ಶೆಡ್ಡಿನಲ್ಲಿ. ಕರೆಂಟಿನದು, ನನ್ನ ಎದೆಯೆತ್ತರ. ಮಣ್ಣು ಕಲಸಿ, ಟೈಲು, ತಟ್ಟೆ, ಹೂಕುಂಡ ಮಾಡಿ, ಅದರಲ್ಲಿ ಸುಟ್ಟು ಮಾರುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಆಯಿತು. ಅಷ್ಟು ವರ್ಷದಲ್ಲಿ ಇವರು ಶೆಡ್ಡಿನ ಹೊಸ್ತಿಲು ದಾಟಿದ್ದು ನನಗೆ ಫೋನ್ ಬಂದಾಗ ಮಾತ್ರ. ಈಗ ಹೊಸ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಒಂದು ಗೋಡೆಯ ಕೆಲಸ ಸಿಕ್ಕಿದೆ. ಅರವತ್ತನಾಲ್ಕು ಟೈಲು, ಎಲ್ಲ ಸೇರಿದರೆ ಒಂದು ಹೊಳೆ, ಅದರಲ್ಲಿ ಮೀನು, ದೋಣಿ, ಈಜುವ ಆನೆ. ಇಷ್ಟು ದೊಡ್ಡ ಕೆಲಸ ನನ್ನ ಕೈಗೆ ಬಂದದ್ದು ಇದೇ ಮೊದಲು. ಈ ತಿಂಗಳ ಮೂವತ್ತರೊಳಗೆ ಒಪ್ಪಿಸಬೇಕು.

ಮಾರ್ಚ್ 9, ಸೋಮವಾರ

ಸ್ನಾನಕ್ಕೆ ಬಿಸಿನೀರು ಬೇಕಿದ್ದರೆ ಮಧ್ಯಾಹ್ನದ ಮೇಲೆ ಪ್ರಯತ್ನಿಸಬೇಕಂತೆ.

ಅಕ್ಕನಿಗೆ, ಅಂದರೆ ಇವರ ಅಣ್ಣನ ಹೆಂಡತಿಗೆ, ಫೋನ್ ಮಾಡಿ ಹೊಟ್ಟೆ ತುಂಬ ಆಡಿಕೊಂಡೆ. "ನಮ್ಮನೇಲಿ ಒಬ್ಬರು ಹವಾಮಾನ ಮಂತ್ರಿ ಇದ್ದಾರೆ ಅಕ್ಕ. ದಿನಾ ತಾರಸಿ ಹತ್ತಿ ಮೋಡ ಎಣಿಸ್ತಾರೆ. ಖಾತೆ ಇದೆ, ಸಂಬಳ ಇಲ್ಲ." ಅಕ್ಕ ಬಿದ್ದು ಬಿದ್ದು ನಕ್ಕರು. ಇವರು ಪಕ್ಕದ ಕೋಣೆಯಲ್ಲೇ ಇದ್ದರು. ಇದ್ದರೆ ಇರಲಿ.

ಮಾರ್ಚ್ 12, ಗುರುವಾರ

ಇವತ್ತಿನದನ್ನು ಬರೆಯದೆ ಮಲಗುವುದಿಲ್ಲ.

ಬೆಳಿಗ್ಗೆ ಆರೂವರೆಗೆ ಅರವತ್ತನಾಲ್ಕೂ ಟೈಲುಗಳನ್ನು ಗ್ಲೇಜ್ ಸುಡಲು ಆವಿಗೆಗೆ ತುಂಬಿ ಹಚ್ಚಿದೆ. ಒಂಬತ್ತು ಗಂಟೆಯ ಕೆಲಸ. ಗೋಡೆ ನೋಡಲು ಬನ್ನಿ ಎಂದು ಆಸ್ಪತ್ರೆ ಕಟ್ಟಿಸುತ್ತಿರುವ ಆರ್ಕಿಟೆಕ್ಟ್ ಕರೆದಿದ್ದಳು. ಹೋಗಿ, ಅಳತೆ ನೋಡಿ, ನಾಲ್ಕಕ್ಕೆ ಬಂದೆ. ಇವರು ಬಾಗಿಲಲ್ಲೇ ಸಿಕ್ಕರು. ಮುಖ ಅರಳಿತ್ತು. ಕೆಲಸ ಹೋದ ಮೇಲೆ ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಇವತ್ತು ಹನ್ನೆರಡರಿಂದ ಮೂರು ಊರಿಗೆಲ್ಲ ಮೋಡ, ದರ ಆಕಾಶಕ್ಕೆ ಹೋಗಿತ್ತು. ಆ ಮೂರು ಗಂಟೆ ನಮ್ಮ ಮೀಟರ್ ಓಡೇ ಇಲ್ಲ ಗೊತ್ತಾ!"

"ಆವಿಗೆ?"

"ಅದನ್ನೂ ಪ್ರೋಗ್ರಾಂ ನಿಲ್ಲಿಸ್ತು. ಮೂರಕ್ಕೆ ಮತ್ತೆ ತಾನೇ ಹಚ್ತು."

"ಮುಟ್ಟಬೇಡಿ ಅಂದಿದ್ನಲ್ರೀ!"

"ನಾನು ಮುಟ್ಟಿಲ್ಲ. ಶೆಡ್ಡಿಗೆ ಹೋಗೋ ಲೈನಿಗೆ ಹೊರಗಿನಿಂದ ಒಂದು ಸ್ವಿಚ್ ಹಾಕಿದ್ದೆ ಅಷ್ಟೆ. ಮೂರು ಗಂಟೆ ತಾನೆ, ಕಾಯುತ್ತೆ ಅಂದ್ಕೊಂಡೆ."

ಫ್ರಿಜ್ಜಿನ ಹತ್ತಿರ ಹೋಗಿ ನೋಡಿದೆ. ಎರಡನೇ ಕಾಲಂ, "ಕಾಯಬಲ್ಲದ್ದು". ಬಟ್ಟೆ ಮೆಷಿನ್ನು, ಅದರ ಕೆಳಗೆ ನೀರಿನ ಪಂಪು, ಅದರ ಕೆಳಗೆ ನನ್ನ ಆವಿಗೆ. ಮುದ್ದಾದ ಅಕ್ಷರ.

ಅರ್ಧ ದಾರಿಗೆ ಕಾದ ಟೈಲು ತಣ್ಣಗಾಗಿ, ಮತ್ತೆ ಒಂದೇ ಏಟಿಗೆ ಕಾದರೆ ಏನಾಗುತ್ತದೆಂದು ನನಗೆ ಗೊತ್ತು. ಈಗ ನಿಲ್ಲಿಸಿದರೂ ಹಾಳು, ಬಿಟ್ಟರೂ ಹಾಳು. ಬಿಟ್ಟೆ.

ಮಾರ್ಚ್ 13, ಶುಕ್ರವಾರ

ತೆಗೆದೆ. ನಲವತ್ತೊಂದು ಹೋಯಿತು. ಕೆಲವು ಅಡ್ಡಡ್ಡ ಸೀಳಿವೆ. ಉಳಿದವುಗಳ ಮೇಲೆ ಸುಟ್ಟ ಚರ್ಮದ ಹಾಗೆ ಗುಳ್ಳೆ. ಆನೆಗೆ ಸೊಂಡಿಲಿಲ್ಲ.

ಮಾರ್ಚ್ 14, ಶನಿವಾರ

ಆರ್ಕಿಟೆಕ್ಟ್‌ಗೆ ಫೋನ್ ಮಾಡಿದೆ. "ಮೂವತ್ತು ಅಂದ್ರೆ ಮೂವತ್ತೇ ಮೇಡಂ. ಒಂದನೇ ತಾರೀಕು ವಾರ್ಡಿಗೆ ಮಕ್ಕಳನ್ನ ತರ್ತಾರೆ. ನಿಮ್ಮ ಕೈಲಿ ಆಗದಿದ್ರೆ ಈಗಲೇ ಹೇಳಿಬಿಡಿ, ಗೋಡೆಗೆ ಬಣ್ಣ ಬಳಿಸ್ತೀನಿ." ಆಗುತ್ತದೆ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ಹಿಂದೆಯೇ ಕೂತು ಮಣ್ಣು ಲಟ್ಟಿಸಲು ಶುರು ಮಾಡಿದೆ. ಮಧ್ಯಾಹ್ನ ಇವರು ಶೆಡ್ಡಿನ ಬಾಗಿಲಿಗೆ ಬಂದರು.

"ಒಳಗೆ ಬರ್ಲಾ?"

"ಅಲ್ಲೇ ಇರಿ. ನೀವು ಕಾಯಬಲ್ಲವುಗಳ ಪಟ್ಟೀಲಿದ್ದೀರಿ."

ನಿಂತರು. ಐದು ನಿಮಿಷವೋ ಹತ್ತು ನಿಮಿಷವೋ. ನಾನು ತಲೆ ಎತ್ತಲಿಲ್ಲ. ಮಾತು ಚೆನ್ನಾಗಿ ನಾಟಿತು ಎಂದು ಖುಷಿಯೇ ಆಯಿತು. ಎತ್ತಿ ನೋಡಿದಾಗ ಬಾಗಿಲು ಖಾಲಿ ಇತ್ತು.

ಮಾರ್ಚ್ 17, ಮಂಗಳವಾರ

ಭಾವ ಬಂದಿದ್ದರು, ಇವರ ಅಣ್ಣ. ಪೇಂಟ್ ಅಂಗಡಿ ಇಟ್ಟು ದುಡ್ಡು ಮಾಡಿದವರು. ಕೂತರೆ ಎರಡು ಕುರ್ಚಿಯ ಜಾಗ, ಮಾತಾಡಿದರೆ ಮೂರು ಮನೆಗೆ ಕೇಳಿಸಬೇಕು. ಟೀ ಕೊಟ್ಟೆ. ಒಂದು ಗುಟುಕು ಹೀರಿ ಶುರು ಮಾಡಿದರು.

"ಏನಪ್ಪಾ ಹವಾಮಾನ ಮಂತ್ರಿ, ಇವತ್ತು ಎಷ್ಟು ಮೋಡ ಎಣಿಸಿದೆ? ಖಾತೆ ಇದೆ, ಸಂಬಳ ಇಲ್ಲ ಅಂತಲ್ಲೋ!" ಎಂದು ತೊಡೆ ತಟ್ಟಿಕೊಂಡು ನಕ್ಕರು.

ಇವರು ನನ್ನ ಕಡೆ ನೋಡಿದರು. ಒಂದೇ ಸಲ. ಆಮೇಲೆ ಟೀ ಲೋಟ ನೋಡುತ್ತ ಕೂತರು.

"ತಮಾಷೆ ಇರಲಿ," ಎಂದರು ಭಾವ. "ಮುಂದಿನ ಸೋಮವಾರದಿಂದ ಅಂಗಡಿಗೆ ಬಾ. ಗೋದಾಮಲ್ಲಿ ಡಬ್ಬ ಎಣಿಸಿ ಬರ್ಕೊಳ್ಳೋಕೆ ಒಬ್ಬರು ಬೇಕು. ಮೋಡಕ್ಕಿಂತ ಡಬ್ಬ ವಾಸಿ ಕಣೋ. ಇಟ್ಟಲ್ಲೇ ಇರುತ್ತೆ. ಮನೇಲಿ ಕೂತು ಹೆಂಡ್ತಿ ಕೆಲಸಾನೂ ಕೆಡಿಸ್ಕೊಂಡು... ಗಂಡಸು ಅಂದ್ರೆ ಒಂದು ಉಪಯೋಗ ಬೇಡ್ವಾ?"

"ಆಗಲಿ ಅಣ್ಣ," ಎಂದರು ಇವರು.

ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. "ಭಾವ, ನಿಮ್ಮ ಅಂಗಡೀಲಿ ಹಾಡಹಗಲು ಇಪ್ಪತ್ತು ಲೈಟು ಉರೀತಿರುತ್ತೆ. ಯಾಕೆ ಅಂತ ನಿಮಗೇ ಗೊತ್ತಿಲ್ಲ. ಈ ಮನೇಲಿ ಒಂದೊಂದು ಪ್ಲಗ್ಗು ಯಾವಾಗ ಎಷ್ಟು ಎಳೆಯುತ್ತೆ ಅಂತ ಇವರಿಗೆ ಬಾಯಿಪಾಠ. ಇದನ್ನೆಲ್ಲ ಇವರು ಒಬ್ಬರೇ ಕಲಿತು ಒಬ್ಬರೇ ಕೂರಿಸಿದ್ದು. ನನ್ನ ಗಂಡನಿಗೆ ಡಬ್ಬ ಎಣಿಸೋ ಗತಿ ಬಂದಿಲ್ಲ."

ಭಾವ ಬೆಪ್ಪಾದರು. "ನಾನೇನು ಹೊಸದಾಗಿ ಹೇಳಿದೆನಮ್ಮಾ? ಮಂತ್ರಿ ಅಂತ ಹೆಸರಿಟ್ಟೋಳು ನೀನೇ ಅಂತೆ?"

ಅವರು ಹೋದ ಮೇಲೆ ನೆಲ ಒರೆಸಿದೆ. ಕೆಸರು ಮೆತ್ತಿದ ಶೂ ಹಾಕಿಕೊಂಡೇ ಒಳಗೆ ಬಂದಿದ್ದರು. ನನಗೆ ಸಿಟ್ಟು ಬಂದದ್ದು ಆ ಶೂ ನೋಡಿ. ಬೇರೇನಿಲ್ಲ.

ಮಾರ್ಚ್ 18, ಬುಧವಾರ

ಫ್ರಿಜ್ಜಿನ ಮೇಲಿನ ಹಾಳೆ ಇಲ್ಲ. ಪ್ಲಗ್ಗುಗಳಿಂದ ಡಬ್ಬಿಗಳನ್ನು ಕಿತ್ತು ಒಂದು ಶೂ ಪೆಟ್ಟಿಗೆಗೆ ತುಂಬಿದ್ದಾರೆ. ಬೆಳಿಗ್ಗೆ ಆರೂವರೆಗೆ ಮೆಷಿನ್ನಿನ ಗುಂಡಿ ಒತ್ತಿದೆ, ತಕ್ಷಣ ತಿರುಗಿತು. ಕೊನೆಗೂ ಮನುಷ್ಯರು ವಾಸಿಸುವ ಮನೆ ಆಯಿತು.

ಮಾರ್ಚ್ 20, ಶುಕ್ರವಾರ

ಎಂಥ ಬಿಸಿಲು ಇವತ್ತು! ತಾರಸಿಯ ಮೇಲೆ ಸುಮ್ಮನೆ ಸುರಿದು ಪೋಲಾಗುತ್ತಿದೆ. ಮೆಷಿನ್ನನ್ನು ಬೆಳಿಗ್ಗೆ ಯಾಕೆ ಹಾಕಿದೆನೋ. ಹನ್ನೊಂದಕ್ಕೆ ಹಾಕಬಹುದಿತ್ತು.

ಇವರು ಸೋಫಾದ ಮೇಲೆ. ಫ್ಯಾನ್ ನೋಡುತ್ತಿದ್ದಾರೆ.

ಮಾರ್ಚ್ 21, ಶನಿವಾರ

ನಲವತ್ತೊಂದು ಹೊಸ ಟೈಲುಗಳ ಮೊದಲ ಸುಡುವಿಕೆ ಆಯಿತು, ಗ್ಲೇಜ್ ಇಲ್ಲದ್ದು. ಬಿರುಕಿಲ್ಲ. ಮುಂದಿನದು ಗ್ಲೇಜ್, ಅದೇ ಹೆದರಿಕೆ.

ಎರಡು ಗಂಟೆಗೆ ಇವರು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ನಾನೇ ತೆರೆದು ನಾಳೆಯ ದರ ನೋಡಿದೆ. ಆ ಪ್ರೋಗ್ರಾಂ ಕೆಟ್ಟಿದೆಯೋ ಸರಿ ಇದೆಯೋ ಎಂದು ತಿಳಿಯಲು ಮಾತ್ರ. ಕೆಟ್ಟಿಲ್ಲ.

ಮಾರ್ಚ್ 22, ಭಾನುವಾರ

ಸೋಫಾದ ಹತ್ತಿರ ಹೋಗಿ ನಿಂತೆ. ಹೇಳಬೇಕೆಂದು ಹೋಗಿದ್ದ ಮಾತು ಬೇರೆ.

"ಗುರುವಾರ ಹೇಗಿದೆ?" ಎಂದು ಕೇಳಿದೆ.

"ಯಾವುದು?"

"ಬಿಸಿಲು. ಗ್ಲೇಜ್ ಸುಡಬೇಕು. ಶುಕ್ರವಾರ ದಾಟಿದ್ರೆ ನನಗೆ ಟೈಮಿಲ್ಲ."

ಇವರು ಎದ್ದು ಕೂತರು. "ನಾಳೆಯಿಂದ ಅಂಗಡಿಗೆ ಬರ್ತೀನಿ ಅಂತ ಅಣ್ಣನಿಗೆ ಹೇಳಿದೀನಲ್ಲ."

"ಅಂಗಡಿ ಎಲ್ಲೂ ಓಡಿಹೋಗಲ್ಲ."

ಕಾಲಿನಿಂದ ಚಪ್ಪಲಿ ಹುಡುಕಿದರು. ಆಮೇಲೆ ಕೇಳಿದರು: "ನಿನ್ನ ಆವಿಗೆ ಯಾವ ಹೊತ್ತಲ್ಲಿ ಏನು ಮಾಡುತ್ತೆ? ನನಗೆ ಗೊತ್ತಿಲ್ಲ. ಹೇಳ್ತೀಯಾ?"

ಇಪ್ಪತ್ತೆರಡು ವರ್ಷಕ್ಕೆ ಸಾಹೇಬರಿಗೆ ಈ ಪ್ರಶ್ನೆ ಹೊಳೆಯಿತು! ಶೆಡ್ಡಿಗೆ ಕರೆದುಕೊಂಡು ಹೋಗಿ ಹೇಳಿದೆ. ಶುರುವಿನ ಎರಡು ಗಂಟೆ ನಿಧಾನ, ಅವಸರ ಮಾಡಿದರೆ ಸೀಳುತ್ತದೆ. ನಡುವೆ ಎಷ್ಟು ಜೋರಾದರೂ ಸರಿ. ಕೊನೆಯ ಎರಡು ಗಂಟೆ ಗ್ಲೇಜ್ ಕರಗಿ ಕುದಿಯುವ ಹೊತ್ತು. ಆಗ ಏರುವುದು ತಡವಾದರೆ ತಡೆಯುತ್ತದೆ, ಆದರೆ ಇಳಿಯಕೂಡದು.

ಇವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಸ್ಕೇಲು ಹಿಡಿದು, ಗಂಟೆಗಂಟೆಯ ಗೆರೆ ಎಳೆದರು. ಮೀನಿಗೆ ಹಚ್ಚುವ ಬೂದಿ ಬಣ್ಣ ಸುಟ್ಟ ಮೇಲೆ ನೀಲಿಯಾಗುತ್ತದೆಂದು ಕೇಳಿ ಬೆರಗಾದರು. ಕೊನೆಗೆ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: "ಇದು ಎಕ್ಸ್‌ಪ್ರೆಸ್ಸು ಕಣೇ. ನಾನು ಲೋಕಲ್ ಬಸ್ಸು ಅಂದ್ಕೊಂಡುಬಿಟ್ಟೆ."

ತಪ್ಪಾಯಿತು ಎಂದು ಹೇಳಲು ಇಷ್ಟು ಸುತ್ತು ಬಳಸುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರ್ಚ್ 26, ಗುರುವಾರ

ಏಳಕ್ಕೆ ಹಚ್ಚಿದೆ. ಬ್ಯಾಟರಿಯನ್ನು ನಿನ್ನೆಯೇ ತುಂಬಿಸಿಟ್ಟಿದ್ದರು. ಇವರು ಮಡಿಸುವ ಕುರ್ಚಿಯನ್ನು ಶೆಡ್ಡಿಗೆ ತಂದು, ಕಂಪ್ಯೂಟರನ್ನು ಮಣ್ಣಿನ ಮೂಟೆಯ ಮೇಲಿಟ್ಟು ಕೂತರು. ಮೂಟೆಗೆ ಒಂದು ಟವೆಲ್ ಹಾಸಿ ಅಂತ ನಾನೇ ಹೇಳಬೇಕಾಯಿತು. ಬುದ್ಧಿ ಅಷ್ಟೇ.

ಹನ್ನೆರಡರ ತನಕ ಚೆನ್ನಾಗಿತ್ತು. ಆಮೇಲೆ ಪಶ್ಚಿಮದಿಂದ ಮೋಡ ಬಂತು, ಯಾರೂ ಹೇಳಿರದ ಮೋಡ. ಒಂದೂವರೆಗೆ ಇವರ ಫೋನು ಗುಣುಗಿತು. ಕರೆಂಟಿನ ಕಂಪನಿಯ ಸಂದೇಶ: ಎಲ್ಲ ಕಡೆ ಕೊರತೆ, ಎರಡರಿಂದ ನಾಲ್ಕರವರೆಗೆ ಒಂದು ಮನೆಗೆ ಮೂರು ಕಿಲೋವ್ಯಾಟ್ ಮಾತ್ರ, ದಾಟಿದರೆ ಮೀಟರು ತಾನಾಗಿ ಲೈನು ಕಡಿಯುತ್ತದೆ.

ಆವಿಗೆಗೆ ಬೇಕಾದದ್ದು ಆರು. ಎರಡರಿಂದ ನಾಲ್ಕು, ಸರಿಯಾಗಿ ಗ್ಲೇಜ್ ಕರಗುವ ಹೊತ್ತು.

ಕೈಗವಸು ಕಳಚಿ ಎಸೆದೆ. "ಆಯ್ತು ಬಿಡಿ. ಗೋಡೆಗೆ ಬಣ್ಣ ಬಳೀಲಿ."

"ಸುಮ್ನಿರು," ಎಂದರು ಇವರು. ನನಗೆ! ಆಮೇಲೆ ಬೆರಳು ಮಡಚುತ್ತ ಹೇಳಿದರು: "ಹೊರಗಿಂದ ಮೂರು. ತಾರಸಿ ಒಂದೂವರೆ ಕೊಡ್ತಿದೆ, ಮೋಡ ದಟ್ಟವಾದ್ರೆ ಒಂದು. ಉಳಿದದ್ದು ಬ್ಯಾಟರಿಯಿಂದ. ಆದ್ರೆ ಮನೇಲಿ ಬೇರೆ ಯಾವುದೂ ಒಂದು ಗುಟುಕೂ ಕುಡೀಬಾರದು."

ಮನೆಯೊಳಗೆ ಓಡಿದರು. ಆ ಹೊಟ್ಟೆ ಹೊತ್ತುಕೊಂಡು ಓಡಿದ್ದನ್ನು ನಾನು ನೋಡಿದೆ. ಪಂಪು, ಗೀಸರು, ಫ್ಯಾನು, ಕೊನೆಗೆ ಫ್ರಿಜ್ಜು, ಎಲ್ಲ ಆರಿದವು. ಶೆಡ್ಡಿಗೆ ಬಂದು ತಮ್ಮ ಕಂಪ್ಯೂಟರನ್ನೂ ಆರಿಸಿದರು.

"ಅದು ಯಾಕ್ರೀ? ಅದಿಲ್ಲದೆ ಹೇಗೆ ತಿಳಿಯುತ್ತೆ?"

"ಬ್ಯಾಟರಿ ಮೇಲೆ ಮುಳ್ಳಿದೆ, ನನಗೆ ಕಣ್ಣಿದೆ. ಪ್ರೋಗ್ರಾಂ ಕೈಗೆ ಇದನ್ನ ಕೊಡಲ್ಲ."

ಆಮೇಲಿನ ಎರಡು ಗಂಟೆ ಮನೆಯಲ್ಲಿ ಒಂದು ಸದ್ದಿಲ್ಲ. ನಾನು ಆವಿಗೆಯ ಕಿಂಡಿಯಲ್ಲಿ ಕಣ್ಣಿಟ್ಟು ನಿಂತೆ. ಇವರು ಮೆಟ್ಟಿಲ ಕೆಳಗಿನ ಬ್ಯಾಟರಿಗೂ ಶೆಡ್ಡಿನ ಬಾಗಿಲಿಗೂ ನಡುವೆ ಓಡಾಡಿದರು.

"ಮೋಡ ದಟ್ಟ ಆಯ್ತು. ಹೀಗೇ ಎಳೆದ್ರೆ ಬ್ಯಾಟರಿ ಮೂರೂವರೆಗೇ ಮುಗಿಯುತ್ತೆ. ಏನು ಮಾಡ್ಲಿ?"

ಏನು ಮಾಡಲಿ ಎಂದು ಕೇಳಿದರು. ನಾನು ಕಿಂಡಿಯೊಳಗೆ ನೋಡಿದೆ. ಟೈಲುಗಳ ಮೈ ಆಗಲೇ ಹೊಳೆಯುತ್ತಿತ್ತು. "ಕಾಲು ಗಂಟೆ ಏರಿಸೋದು ಬೇಡ, ಇರೋ ಶಾಖದಲ್ಲೇ ನಿಲ್ಲಿಸ್ತೀನಿ. ಅದಕ್ಕೆ ನಾಲ್ಕು ಸಾಕು."

"ಕಾಲು ಗಂಟೆ ಆದ ಮೇಲೆ?"

"ಆಗ ನೀವು ಹೇಳಿ."

ಕಾಲು ಗಂಟೆ ಅಂದದ್ದು ಅರ್ಧ ಗಂಟೆ ಆಯಿತು. ಮೂರಕ್ಕೆ ಇವರು ಅಂಗಳದಲ್ಲಿ ಕತ್ತು ಮೇಲೆತ್ತಿ ನಿಂತಿದ್ದರು. ಎದುರುಮನೆಯ ನರ್ಸಮ್ಮ ಗೇಟಿನ ಹತ್ತಿರ ಬಂದು, "ಸರ್, ಏನು ಹುಡುಕ್ತಿದ್ದೀರಿ?" ಎಂದು ಕೇಳಿದಳು. ಇವರು ಉತ್ತರ ಕೊಡದೆ, "ಬಂತು! ಏರಿಸು!" ಎಂದು ಕೂಗಿದರು. ಬಿಸಿಲು ಇನ್ನೂ ನನ್ನ ಶೆಡ್ಡಿಗೆ ಬಂದಿರಲಿಲ್ಲ. ನಾನು ಏರಿಸಿದೆ. ಬಂತು.

ನಾಲ್ಕೂಕಾಲಿಗೆ ಮುಗಿಯಿತು. ಫ್ರಿಜ್ಜಿನಲ್ಲಿದ್ದ ಐಸ್‌ಕ್ರೀಂ ಕರಗಿತ್ತು. ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅದನ್ನು ಲೋಟದಲ್ಲಿ ಕುಡಿದೆವು. ಇವರ ಮೀಸೆಗೆಲ್ಲ ಅಂಟಿತ್ತು. ಹೇಳಲಿಲ್ಲ, ಹಾಗೇ ಇರಲಿ ಎಂದು ಬಿಟ್ಟೆ.

ಮಾರ್ಚ್ 27, ಶುಕ್ರವಾರ

ತೆಗೆದೆವು. ನಲವತ್ತೊಂದರಲ್ಲಿ ಮೂರು ಕೆಟ್ಟಿವೆ. ಅವಕ್ಕೆ ನಾನೇ ಗ್ಲೇಜ್ ದಪ್ಪ ಹಚ್ಚಿದ್ದೆ, ಅದು ಯಾರ ತಲೆಗೂ ಕಟ್ಟುವ ಹಾಗಿಲ್ಲ. ಮೊದಲೇ ಸುಟ್ಟಿಟ್ಟಿದ್ದ, ಬರೀ ನೀರಿನ ಚಿತ್ರದ ಹೆಚ್ಚುವರಿ ಟೈಲುಗಳಲ್ಲಿ ಮೂರು ಹಾಕಿ ಸರಿದೂಗಿಸಬಹುದು.

ಆನೆಯ ಸೊಂಡಿಲು ನೀರಿನಿಂದ ಮೇಲೆ ಬಂದಿದೆ. ಇವರು ಪಕ್ಕದ ಮೀನಿನ ಮೇಲೆ ಬೆರಳಾಡಿಸುತ್ತ, "ಬೂದಿ ಅಂದಿದ್ದೆಯಲ್ಲ, ನಿಜವಾಗ್ಲೂ ನೀಲಿ ಆಗಿದೆ," ಎಂದು ನಾಲ್ಕು ಸಲ ಹೇಳಿದರು. ಒಂದು ಸಲ ಹೇಳಿದರೆ ಸಾಲದೇ?

ಮಾರ್ಚ್ 30, ಸೋಮವಾರ

ಆಸ್ಪತ್ರೆಗೆ ಒಪ್ಪಿಸಿದೆವು. ಗೋಡೆಗೆ ಕೂರಿಸುವವರು ಒಂದು ಮೀನನ್ನು ತಲೆಕೆಳಗು ಹಿಡಿದಿದ್ದರು. ನನಗಿಂತ ಮೊದಲು ಇವರು ಕಂಡುಹಿಡಿದು ಕೂಗಾಡಿದರು. ಆರ್ಕಿಟೆಕ್ಟ್ ನನ್ನನ್ನು ಕೇಳಿದಳು, "ಇವರು ನಿಮ್ಮ ಜೊತೆ ಕೆಲಸ ಮಾಡೋರಾ?"

"ಹೂಂ," ಎಂದೆ. ವಿವರಿಸುತ್ತ ಕೂರಲು ಪುರಸೊತ್ತಿರಲಿಲ್ಲ.

ಸಂಜೆ ಭಾವನ ಫೋನು. ಇವರೇ ಎತ್ತಿಕೊಂಡರು. "ಇಲ್ಲ ಅಣ್ಣ, ಬರಲ್ಲ... ಇಲ್ಲ, ಕೋಪ ಏನಿಲ್ಲ. ಇಲ್ಲಿ ಕೆಲಸ ಇದೆ." ಅಷ್ಟೇ ಹೇಳಿ ಇಟ್ಟರು. ಆಮೇಲೆ ಪ್ಲಗ್ಗಿನ ಡಬ್ಬಿಗಳನ್ನು ಶೂ ಪೆಟ್ಟಿಗೆಯಿಂದ ತೆಗೆದು, ಯಾವುದು ಎಲ್ಲಿ ಬೇಕು ಎಂದು ನನ್ನನ್ನು ಕೇಳುತ್ತ ಕೂತರು. ಪ್ರತಿಯೊಂದಕ್ಕೂ ನನ್ನನ್ನು ಕೇಳಬೇಕೇ? ತಲೆ ತಿಂದುಬಿಟ್ಟರು.

ಏಪ್ರಿಲ್ 2, ಗುರುವಾರ

ಬೆಳಿಗ್ಗೆ ನರ್ಸಮ್ಮ ಬಂದಳು. ಅವಳ ಮನೆಗೂ ಯಾರೋ ಸೋಲಾರ್ ಹಾಕಿ ದುಡ್ಡು ಎಣಿಸಿಕೊಂಡು ಹೋಗಿದ್ದಾರೆ. ಯಾವಾಗ ಏನು ಓಡಿಸಬೇಕೆಂದು ಅವಳಿಗೆ ತಲೆಬುಡ ತಿಳಿಯುತ್ತಿಲ್ಲವಂತೆ. "ಸರ್ ಒಂದು ಸಲ ಬಂದು ನೋಡ್ತಾರಾ ಅಕ್ಕ? ಎಷ್ಟಾಗುತ್ತೋ ಕೊಡ್ತೀನಿ."

ಇವರು ಆಗಲೇ ನಿಂತಿದ್ದರು. ಎದುರುಮನೆಗೆ ಹೋಗಲು ಇಸ್ತ್ರಿ ಮಾಡಿದ ಶರ್ಟು, ಜೇಬಿಗೆ ಎರಡು ಪೆನ್ಸಿಲು, ಕಂಕುಳಲ್ಲಿ ಸ್ಕೇಲು! ಇಪ್ಪತ್ತು ಹೆಜ್ಜೆ ದಾಟಲು ಇಷ್ಟು ಸಿಂಗಾರ. ಕಾಲರು ಒಂದು ಕಡೆ ಮಡಚಿಕೊಂಡಿತ್ತು, ನಾನೇ ಸರಿ ಮಾಡಬೇಕಾಯಿತು.

"ಅವಳಿಗೆ ನೈಟ್ ಡ್ಯೂಟಿ ಇರುತ್ತೆ, ಹಗಲು ಮಲಗ್ತಾಳೆ," ಎಂದು ಎಚ್ಚರಿಸಿದೆ. "ಮೊದಲು ಅವಳನ್ನ ಕೇಳಿ, ಆಮೇಲೆ ಪಟ್ಟಿ ಮಾಡಿ."

"ಗೊತ್ತು," ಎಂದರು. ಗೊತ್ತಂತೆ!

ರಸ್ತೆ ದಾಟುವಾಗ ಎರಡೂ ಕಡೆ ನೋಡಿದರು, ಒಂದು ಸೈಕಲ್ಲಿಗೆ ದಾರಿ ಬಿಟ್ಟರು, ಅವಳ ಗೇಟಿನ ಮುಂದೆ ನಿಂತು ತಾರಸಿಯ ಕಡೆ ಕತ್ತೆತ್ತಿ ನೋಡಿದರು, ಕಿಸೆಯಿಂದ ಪೆನ್ಸಿಲು ತೆಗೆದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಗ ಅಡಿಗೆಮನೆಯಲ್ಲಿ ಹಾಲೆಲ್ಲ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಅದೂ ಇವರಿಂದಲೇ ಆದದ್ದು.